ತಂಗಿ ಹೇಳಿಕೊಡದ ಸಾಲು

ಅಕ್ಕಾ,

ನೀನು ತೀರಿಹೋಗಿ ವರ್ಷಗಳಾದವು. ಆದರೂ ಇವತ್ತು ನಡೆದದ್ದನ್ನು ಮೊದಲು ನಿನಗೇ ಹೇಳಬೇಕು.

ಡಿಸ್ಲೆಕ್ಸಿಯಾದಿಂದ ಅಕ್ಷರ ಕೂಡಿಸಿ ಓದಲು ತೊಡಕಿರುವ ಮಕ್ಕಳಿಗೆ ನಾನು ಓದು ಕಲಿಸುತ್ತೇನೆ. ಹೊಸದಾಗಿ ಬಂದ ಹುಡುಗಿಯೊಬ್ಬಳು ಪಾಠವನ್ನು ನೀರು ಕುಡಿದಷ್ಟು ಸಲೀಸಾಗಿ ಓದತೊಡಗಿದಳು. ಪಕ್ಕದಲ್ಲಿದ್ದ ಅವಳ ಅಮ್ಮನ ಮುಖ ಅರಳಿತು. ನನಗೇಕೋ ಅನುಮಾನ. ನಡುವೆ ಮೆಲ್ಲಗೆ ಪುಟ ತಿರುವಿದೆ. ಹುಡುಗಿ ಹಳೆಯ ಪುಟವನ್ನೇ ಓದುತ್ತಾ ಹೋದಳು.

"ಯಾರೇ ಬಾಯಿಪಾಠ ಮಾಡಿಸಿದ್ದು?"

"ತಂಗಿ ಓದ್ತಾಳೆ, ನಾನು ಕೇಳಿಸ್ಕೋತೀನಿ. ಬೈತೀರಾ ಮಿಸ್?"

"ಇಷ್ಟೆಲ್ಲ ನೆನಪಿಟ್ಕೊಂಡವಳನ್ನ ಬೈಯೋಕಾಗುತ್ತೇನೇ?"

ಒಂದೇ ಸಾಲು ಕಾಣುವಂತೆ ಕಿಂಡಿ ಕೊರೆದ ರಟ್ಟನ್ನು ಹೊಸ ಪಾಠದ ಪುಟದ ಮೇಲಿಟ್ಟೆ. ಅವಳು ಒಂದೊಂದೇ ಅಕ್ಷರವನ್ನು ಬೆರಳಿನಿಂದ ಮೇಜಿನ ಮೇಲೆ ತೀಡಿ, ಉಚ್ಚರಿಸಿ, ಕೂಡಿಸಿದಳು. ತಪ್ಪಿದಳು, ಮತ್ತೆ ಮೊದಲಿಂದ ಹಿಡಿದಳು. ಕೊನೆಗೂ ಸಾಲು ಮುಗಿಯಿತು.

"ಅಮ್ಮಾ, ಇದನ್ನ ತಂಗಿ ಹೇಳ್ಕೊಟ್ಟಿಲ್ಲ!"

ನಮ್ಮ ಮನೆಯಲ್ಲೂ ನಾನು ಓದುತ್ತಿದ್ದೆ, ನೀನು ಒಪ್ಪಿಸುತ್ತಿದ್ದೆ, ಅಪ್ಪ ಶಹಬ್ಬಾಸ್ ಎನ್ನುತ್ತಿದ್ದರು. ಪುಟ ತಿರುವಿ ನೋಡುವವರು ಯಾರೂ ಇರಲಿಲ್ಲ.

ನಾಳೆ ಎರಡನೆಯ ಸಾಲು. ಅವಳು ತಾನಾಗಿ ಓದುವವರೆಗೂ ನಾನು ಬಿಡುವುದಿಲ್ಲ.

ನಿನ್ನ ತಂಗಿ