ಮಾರ್ಗಶಿರದ ಹೊಂಬಾಳೆ ಜಡೆ

ಗೌರತ್ತೆ,

ಚೆನ್ನಾಗಿದ್ದೀಯಾ ಎಂದು ಕೇಳುವುದು ಸರಿಯೋ ತಪ್ಪೋ ಗೊತ್ತಿಲ್ಲ. ನೀನಿದ್ದಾಗ ಒಂದು ಕಾಗದವನ್ನೂ ಬರೆದವಳಲ್ಲ ನಾನು. ಮಾಯಸಂದ್ರಕ್ಕೂ ತುರುವೇಕೆರೆಗೂ ಬಸ್ಸಿರುವಾಗ ಕಾಗದ ಯಾಕೆ? ಈಗ ನೀನಿರುವ ಕಡೆಗೆ ಬಸ್ಸಿಲ್ಲ. ಸುದ್ದಿಯೋ, ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ.

ಚಳಿ ಶುರುವಾದರೆ ನನಗೆ ಮೊದಲು ನೆನಪಾಗುವುದು ನಿನ್ನ ಕಂಕುಳಲ್ಲಿನ ಎಣ್ಣೆ ಸೀಸೆ. ಕೊಬ್ಬರಿ ಎಣ್ಣೆ ಸುಣ್ಣದ ಹಾಗೆ ಹೆಪ್ಪುಗಟ್ಟಿರುತ್ತಿತ್ತು. ಯಾರಾದರೂ ಒಲೆಯ ಹತ್ತಿರ ಇಟ್ಟರೆ ನೀನು ಬೈಯುತ್ತಿದ್ದೆ. ಸೀಸೆಯನ್ನು ಕಂಕುಳಲ್ಲಿ ಒತ್ತಿಕೊಂಡೇ ಮದುವಣಗಿತ್ತಿಯ ಸಿಕ್ಕು ಬಿಡಿಸುತ್ತಾ, ಅತ್ತೆ ಹೇಗೆ, ನಾದಿನಿಯರು ಎಷ್ಟು ಮಂದಿ ಎಂದು ವಿಚಾರಿಸುತ್ತಿದ್ದೆ. ಸಿಕ್ಕು ಬಿಡುವ ಹೊತ್ತಿಗೆ ಎಣ್ಣೆಯೂ ಕರಗಿರುತ್ತಿತ್ತು, ಹುಡುಗಿಯ ಹೆದರಿಕೆಯೂ. ಆಮೇಲೆ ಚೌರಿ ಸೇರಿಸಿ, ಜಡೆಬಿಲ್ಲೆ ಸಿಕ್ಕಿಸಿ, ತುದಿಗೆ ಕುಚ್ಚು ಕಟ್ಟಿ ಎಬ್ಬಿಸಿದೆಯೆಂದರೆ, ಹಡೆದವಳೇ ಒಂದು ಗಳಿಗೆ ಗುರುತು ಹಿಡಿಯುತ್ತಿರಲಿಲ್ಲ.

ಮಲ್ಲಿಗೆ ಮಾತ್ರ ನಿನ್ನ ಮಾತು ಕೇಳುತ್ತಿರಲಿಲ್ಲ. ಬೇಸಿಗೆಯಲ್ಲಿ ಮೊರದ ತುಂಬ ಬರುವ ಮೊಗ್ಗು ಮಾರ್ಗಶಿರದಲ್ಲಿ ಎಲ್ಲಿಂದ ಬರಬೇಕು? ಎಲ್ಲರೂ ಸೇವಂತಿಗೆ ಸುತ್ತಿ ಕೈತೊಳೆದುಕೊಳ್ಳುತ್ತಿದ್ದರು. ನಿನಗೆ ಅದು ತಲೆಯ ಸುತ್ತ ಬೇಲಿ ಹಾಕಿದಂತೆ ಕಾಣುತ್ತಿತ್ತು. “ಚಳಿಗಾಲದ ಮದುವೆ, ಬೇಡ ಮೊಗ್ಗಿನ ಗೊಡವೆ” ಎಂದು ನಾನು ಪ್ರಾಸ ಕಟ್ಟಿದಾಗ ನೀನು ತಲೆ ಎತ್ತದೆ, “ನಿನ್ನ ಪ್ರಾಸಾನ ಮುಡ್ಕಳಾಕಾಯ್ತದೇನೇ?” ಅಂದೆ. ಬಿ.ಎ. ಮುಗಿಸಿ ಕನ್ನಡ ಟೀಚರಾಗಿದ್ದ ನನ್ನ ಕವಿತ್ವಕ್ಕೆ ಬಂದ ಏಕೈಕ ವಿಮರ್ಶೆ ಅದು.

ಆ ವರ್ಷವೇ ಅಲ್ಲವೇ ದಂಡಿನಶಿವರದ ರುದ್ರಣ್ಣನವರ ಮಗಳ ಮದುವೆ? ಅವರ ತೋಟ ನೋಡುತ್ತಾ ನಿಂತವಳು ನೀನು, ತೆಂಗಿನ ಹೊಂಬಾಳೆಯಲ್ಲೇ ಮೊಗ್ಗಿನ ಜಡೆ ಮಾಡುತ್ತೇನೆ ಅಂದೆ. ದಂತದ ಬಣ್ಣದ ಕಡ್ಡಿಗಳು, ಕಡ್ಡಿಯ ತುಂಬ ಅಕ್ಕಿಕಾಳಿನಂಥ ಮೊಗ್ಗು. ಯಾರಿಗೆ ಹೊಳೆದಿತ್ತು ಇದು? ಜಡೆ ಕಟ್ಟಿಯೂ ಕಟ್ಟಿದೆ. ಧಾರೆಗೆ ಹುಡುಗಿ ತಲೆ ಬಗ್ಗಿಸಿದಳು ನೋಡು, ಮೊಗ್ಗು ಜರಜರನೆ ಉದುರಿ, ಹಸೆಮಣೆಯ ಹಿಂದೆ ಯಾರೋ ನುಚ್ಚು ಚೆಲ್ಲಿದ ಹಾಗಾಯಿತು. ರುದ್ರಣ್ಣನವರು ತುಂಬಿದ ಚಪ್ಪರದಲ್ಲಿ, “ಗೌರಮ್ಮ, ಗುಡ್ಸಿ ಮಂಕ್ರಿಗಾಕವ್ವ, ದನಾನಾದ್ರೂ ತಿನ್ಲಿ” ಅಂದರು. ನಕ್ಕವರೆಲ್ಲ ನಿನ್ನ ಕೈಯಲ್ಲಿ ಜಡೆ ಹೆಣೆಸಿಕೊಂಡವರೇ.

ವಾಪಸು ಬರುವಾಗ ಬಸ್ಸಿನಲ್ಲಿ ನೀನು ಹೇಳಿದ್ದು ಇಷ್ಟೇ: “ಮುಚ್ಚಿದ್ದು ಕೇಳಿದ್ದೆ ಕಣೇ. ಅರಳಿದ್ದು ಕೊಟ್ರು.” ಅರಳಿದ ಹೊಂಬಾಳೆ ಗಾಳಿ ಸೋಕಿದರೂ ಉದುರುತ್ತದೆ, ಪೊರೆ ಬಿಚ್ಚದ್ದು ಉದುರುವುದಿಲ್ಲ ಎಂದು ನಿನಗೆ ಗೊತ್ತಿತ್ತು. ಆದರೆ ಮುಚ್ಚಿದ ಹೊಂಬಾಳೆ ಕಡಿದರೆ ಒಂದು ಗೊನೆ ಕಾಯಿ ಹೋದಂತೆ. ಅವರು ಗಾಳಿಗೆ ಮುರಿದು ಬಿದ್ದಿದ್ದನ್ನು ಎತ್ತಿಕೊಟ್ಟಿದ್ದರು. ಇದನ್ನು ನೀನು ಬೇರೆ ಯಾರಿಗಾದರೂ ಹೇಳಿದೆಯಾ? ಹೇಳಿದ್ದರೆ... ಹೋಗಲಿ ಬಿಡು. ಅಲ್ಲಿಂದಾಚೆ ಚಳಿಗಾಲದ ಮದುವೆಗಳಿಗೆ ನಿನ್ನನ್ನು ಯಾರೂ ಕರೆಯಲಿಲ್ಲ. ಉದುರುವ ಎಲ್ಲದಕ್ಕೂ ‘ಗೌರಮ್ಮನ ಜಡೆ’ ಎಂಬ ಹೆಸರು ನಿಂತಿತು. ಆ ಹೆಸರು ನಿಂತಿರುವಾಗಲೇ ನೀನು ಹೋದೆ.

ಈ ಮಾರ್ಗಶಿರದಲ್ಲಿ ಅದೇ ಮನೆಯಿಂದ ನನಗೆ ಕರೆ ಬಂತು. ಮದುಮಗಳು ರುದ್ರಣ್ಣನವರ ಮಗನ ಮಗಳು ಶೈಲಾ, ನನ್ನ ಹತ್ತಿರ ಓದಿದವಳು. ನಿನ್ನಿಂದ ಕಲಿತದ್ದನ್ನು ನಾನು ಭಾನುವಾರಗಳಲ್ಲಿ ಬಿಟ್ಟಿಲ್ಲ ಎಂದು ಅವಳಿಗೆ ಗೊತ್ತು. ಅವಳಮ್ಮ ತಿಪಟೂರಿನ ಫ್ಯಾನ್ಸಿ ಸ್ಟೋರಿನಿಂದ ಪ್ಲಾಸ್ಟಿಕ್ ಮಲ್ಲಿಗೆಯ ಜಡೆ ತಂದಿಟ್ಟಿದ್ದಳು. ಬಾಡುವುದಿಲ್ಲ, ತೊಳೆದು ಇಟ್ಟುಕೊಳ್ಳಬಹುದಂತೆ. ಶೈಲಾ ಅದನ್ನು ಮುಟ್ಟಲಿಲ್ಲ. ನಾನು ಬಸ್ಸಿನಲ್ಲಿ ಕೇಳಿದ ಮಾತನ್ನು ಅವಳಿಗೆ ಹೇಳಿದೆ. ಅವಳು ನೇರ ತಾತನ ಮುಂದೆ ಹೋಗಿ, ಪೊರೆ ಬಿಚ್ಚದ ಒಂದು ಹೊಂಬಾಳೆ ಬೇಕು ಅಂದಳು.

ರುದ್ರಣ್ಣನವರು ನನ್ನ ಕಡೆ ತಿರುಗಿ, “ಟೀಚ್ರಮ್ಮ, ಕಾಯಾಗೋದ್ನ ಯಾರಾದ್ರೂ ಕುಯ್ದು ತಲೆಗಿಡ್ತಾರಾ?” ಎಂದರು. ನಮ್ಮತ್ತೆ ಅಂದು ಕೇಳಿದ್ದೂ ಇದನ್ನೇ, ನೀವು ಕೊಟ್ಟಿದ್ದು ಬೇರೆ ಎಂದೆ. ಅವರು ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದರು. ಮರೆತಿರಲಿಲ್ಲ ಅತ್ತೆ, ಮುಖದಲ್ಲೇ ಕಾಣುತ್ತಿತ್ತು. ಆಗ ಶೈಲಾ ಕೇಳಿದಳು:

“ತಾತ, ಮದ್ವೆಗೆ ಬಂದೋರ್ಗೆಲ್ಲ ತಾಂಬೂಲದ ಜೊತೆ ಒಂದೊಂದು ಕಾಯಿ ಕೊಟ್ಟು ಕಳಿಸ್ತೀಯ. ಮದ್ವೆ ಆಗೋಳ್ಗೆ ಒಂದು ಗೊನೆ ಕೊಡಕ್ಕಾಗಲ್ವಾ?”

ಮುದುಕರು ಎದ್ದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ಮರ ಹತ್ತುವವನನ್ನು ಕರೆಸಿ, ಮನೆ ಬಾಗಿಲಿನ ಮರವನ್ನೇ ತೋರಿಸಿದರು.

ಪೊರೆ ಸೀಳಿದಾಗ ಪಡಸಾಲೆಯ ಹೆಂಗಸರೆಲ್ಲ ಬಗ್ಗಿ ನೋಡಿದರು. ಅಷ್ಟು ಬೆಳ್ಳಗೆ, ಅಷ್ಟು ತಣ್ಣಗೆ ಇತ್ತು ಒಳಗೆ. ಕಡ್ಡಿಗಳನ್ನು ಬಾಳೆಪಟ್ಟೆಯ ಮೇಲೆ ಒತ್ತಾಗಿ ಜೋಡಿಸಿ, ನೀನು ಮಾಡುತ್ತಿದ್ದ ಹಾಗೆ ಹಿಂದಿನಿಂದ ಹೊಲಿದೆ. ನಡುನಡುವೆ ಕನಕಾಂಬರದ ಒಂದೊಂದು ಎಳೆ ಮಾತ್ರ. ಒದ್ದೆ ಬಟ್ಟೆ ಸುತ್ತಿ ಇಬ್ಬನಿಯಲ್ಲಿಟ್ಟೆ. ಆ ರಾತ್ರಿಯ ಚಳಿ ನನ್ನ ಮಂಡಿಗೆ ಏನು ಮಾಡಿತೋ ಬಿಡು, ಜಡೆಗೆ ಒಳ್ಳೆಯದನ್ನೇ ಮಾಡಿತು.

ಧಾರೆಯ ಹೊತ್ತಿಗೆ ಎಲ್ಲರೂ ಹೆಣ್ಣುಗಂಡಿನ ಮುಖ ನೋಡುತ್ತಿದ್ದರು, ನಾನು ನೆಲ ನೋಡುತ್ತಿದ್ದೆ. ಈ ಸಲವೂ ಉದುರಿದರೆ ಇಬ್ಬರ ಹೆಸರಿಗೂ ಒಂದೇ ಮಂಕರಿ. ಶೈಲಾ ತಲೆ ಬಗ್ಗಿಸಿದಳು. ವೀಡಿಯೊದವನು ಸುಡುವ ಲೈಟನ್ನು ಜಡೆಗೇ ಹಿಡಿದ. ಅವಳು ಎದ್ದಳು, ನಡೆದಳು, ಹಿರಿಯರ ಕಾಲಿಗೆಲ್ಲ ಬಗ್ಗಿ ಬಗ್ಗಿ ಎದ್ದಳು. ನೆಲದ ಮೇಲೆ ಅಕ್ಷತೆ ಬಿಟ್ಟರೆ ಏನೂ ಇರಲಿಲ್ಲ ಅತ್ತೆ! ಗಂಡಿನ ಕಡೆಯ ಹೆಂಗಸೊಬ್ಬರು ಊಟದ ಪಂಕ್ತಿಯಲ್ಲಿ ಕೂತಿದ್ದ ಶೈಲಾಳ ಹಿಂದೆ ಬಂದು, ಯಾರಿಗೂ ಕಾಣದಂತೆ ಒಂದು ಮೊಗ್ಗು ಹಿಡಿದು ಎಳೆದೂ ನೋಡಿದರು. ಅದು ಬರಲಿಲ್ಲ. ಬೆಂಗಳೂರಿಂದ ತರಿಸಿದ್ದಾ ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ, ಬಡಿಸುವುದನ್ನು ನೋಡಿಕೊಳ್ಳುತ್ತಿದ್ದ ರುದ್ರಣ್ಣನವರು ತಿರುಗಿ, ಪಂಕ್ತಿಗೆಲ್ಲ ಕೇಳುವಂತೆ ಹೇಳಿದರು:

“ಬೆಂಗ್ಳೂರೂ ಇಲ್ಲ, ಗಿಂಗ್ಳೂರೂ ಇಲ್ಲ. ಮಾಯಸಂದ್ರದ ಗೌರಮ್ಮನ ಜಡೆ ಕಣ್ರೀ ಇದು. ಅವತ್ತು ಉದುರಿದ್ದು ನಮ್ಮ ಜಿಪುಣತನ.”

ಅದೇ ಹೆಸರು. ಅದೇ ಬಾಯಿ. ನಾನು ಅಳಲಿಲ್ಲ, ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ಇನ್ನು ಹೊಸ ಸುದ್ದಿ. ಧನುರ್ಮಾಸ ಕಳೆದ ಮೇಲಿನ ಮದುವೆಗಳಿಗೆ ಈಗಲೇ ಮೂರು ಮನೆಯವರು ಬಂದು ಹೋಗಿದ್ದಾರೆ. ಮೂವರೂ ಕೇಳಿದ್ದು ಗೌರಮ್ಮನ ಜಡೆಯನ್ನೇ, ಪ್ರಾಸವನ್ನು ಒಬ್ಬರೂ ಕೇಳಲಿಲ್ಲ. ಸಂಪಿಗೆ ಊರಿನ ಗೌಡರೊಬ್ಬರು ಮಗಳ ಮದುವೆಗೆಂದು ತೋಟದ ಮರವೊಂದಕ್ಕೆ ಕೆಂಪು ಬಟ್ಟೆ ಕಟ್ಟಿ ಗುರುತು ಮಾಡಿದ್ದಾರಂತೆ. ಯಾಕೆ ಎಂದಿದ್ದಕ್ಕೆ, ಅರಳಿಬಿಟ್ಟರೆ ಕಷ್ಟ, ಮುಚ್ಚಿರುವಾಗಲೇ ಕುಯ್ಯಬೇಕಲ್ಲ ಅಂದರು. ಮುಚ್ಚಿದ್ದೇ ಬೇಕು ಎಂದು ನಾನಿನ್ನೂ ಕೇಳಿರಲೇ ಇಲ್ಲ, ಅತ್ತೆ.

ನಿನ್ನ ಅಣ್ಣನ ಮಗಳು,
ವನಜ