ಆನಂದಪುರದ ಕೊಳವೆಬಾವಿ

ಗುರುವಾರ, ಜೂನ್ 12, 2025

ಕೆಲಸ ಸಿಕ್ಕಿತು. ಸಂತೋಷ ಮಾತ್ರ ಇನ್ನೂ ಬಂದಿಲ್ಲ.

ಹನ್ನೊಂದು ವರ್ಷ ಕೊಳವೆಬಾವಿಗೆ ಜಾಗ ಗುರುತಿಸಿದ ಭೂವಿಜ್ಞಾನಿ ನಾನು. ಬೆಳಿಗ್ಗೆ ಸಾಗರದ ಮನೆಯಿಂದಲೇ ಡೇಟಾ ಸೈನ್ಸ್ ಹುದ್ದೆಯ ಸಂದರ್ಶನ ಕೊಟ್ಟೆ. ಸಂದರ್ಶಕರು ತೋರಿಸಿದ ಅಂತರ್ಜಲದ ಅಂಕಿಗಳಲ್ಲಿ ಆನಂದಪುರದ ಒಂದು ಬಾವಿ ಉಳಿದವುಗಳಿಗೆ ಹೊಂದುತ್ತಿರಲಿಲ್ಲ.

"ಈ ಅಂಕಿನ ತೆಗೆದುಹಾಕ್ತೀರಾ?" ಎಂದು ಕೇಳಿದರು.

"ಇಲ್ಲ. ಅದನ್ನ ಕೊರೆಯುವಾಗ ನಾನು ಅಲ್ಲೇ ನಿಂತಿದ್ದೆ. ಕೆಳಗೆ ಬಂಡೆ ಸೀಳಿದೆ, ನೀರು ಮೇಲೇ ಸಿಗುತ್ತೆ" ಎಂದೆ.

ಆ ಉತ್ತರಕ್ಕೇ ಆಯ್ಕೆ ಮಾಡಿದರಂತೆ.

ಬೋರ್ ಲಾರಿಯ ಕನ್ನಪ್ಪನವರಿಗೆ ಸಂಜೆ ಫೋನ್ ಮಾಡಿ ತಿಳಿಸಿದೆ. "ಒಳ್ಳೇದಾಯ್ತು ಮೇಡಂ. ಇನ್ಮೇಲೆ ಬೋರ್ ಹತ್ರ ಯಾರು ನಿಂತ್ಕೊಳ್ತಾರೆ?" ಅಂದರು.

ತಿಂಗಳಿಗೊಂದು ವಾರ ಹೊರಗಿನ ಕೆಲಸ ಬೇಕೆಂದು ಕಂಪನಿಗೆ ಬರೆದಿದ್ದೇನೆ. ಕೊಡದಿದ್ದರೂ ಸೇರುತ್ತೇನೆ. ಅದನ್ನು ಕನ್ನಪ್ಪನವರಿಗೆ ಹೇಗೆ ಹೇಳುವುದೋ ಇನ್ನೂ ತಿಳಿದಿಲ್ಲ.