ಹಟ್ಟಿಯಾಚೆಯ ಗೋಲು

ಶಿರಾ ಸೀಮೆ ಗೊಲ್ಲರಹಟ್ಟಿಯ ಕ್ಯಾತಣ್ಣನಿಗೆ,

ಅಮೆರಿಕದಿಂದ ನಿನ್ನ ತಂಗಿ ಬರೀತಿರೋದು. ಫೋನಲ್ಲಿ ಬೈದರೆ ಕಟ್ ಮಾಡ್ತೀಯ, ಅದಕ್ಕೇ ಕಾಗದ.

ನಿನ್ನ ಹೊಸ ಮನೆ ಗೃಹಪ್ರವೇಶಕ್ಕೆ ಮಗಳನ್ನೂ ಕರ್ಕೊಂಡು ಬಾ ಅಂದೆ ನೀನು. ಆಮೇಲೆ, 'ಮುಟ್ಟಾದ್ರೆ ಹಟ್ಟಿಯಾಚೆ ಗುಡಿಸಲೈತೆ, ಅಲ್ಲಿರ್ಲಿ' ಅಂದ್ಬುಟ್ಯಲ್ಲ, ನಾಚಿಕೆ ಆಗಲಿಲ್ವಾ?

ಆ ಗುಡಿಸಲು ನಂಗೊತ್ತು. ಅಲ್ಲಿ ಕೂರಿಸಿದಾಗಲೇ ನಾವು ಹುಡುಗೀರು ಹಳೇ ಸೀರೆ ಉಂಡೆ ಕಟ್ಟಿ ಒದ್ದು ಆಡಿದ್ದು. ಓಡಬ್ಯಾಡ ಅನ್ನೋಕೆ ಅಲ್ಲಿ ಯಾರೂ ಇರಲಿಲ್ಲ; ಮೈಲಿಗೆ ಅಂತ ಹತ್ರಾನೇ ಬರ್ತಿರಲಿಲ್ಲ. ನರ್ಸ್ ಕೆಲಸಕ್ಕೆ ಇಲ್ಲಿಗೆ ಬಂದಾಗ ನಂಗೆ ಭಾಷೆ ಸರಿಯಾಗಿ ಬರ್ತಿರಲಿಲ್ಲ, ಫುಟ್‌ಬಾಲ್ ಬರ್ತಿತ್ತು. ಗೆಳತಿಯರು ಸಿಕ್ಕಿದ್ದೂ ಮೈದಾನದಲ್ಲೇ. ಮುಟ್ಟಾದ ದಿನವೂ ಆಡಿದೆ, ಮಂಡಿ ಸವೆಯೋವರೆಗೂ ಆಡಿದೆ. ಈಗ ಮೈದಾನದ ಗೆರೆಯಾಚೆ ಕುರ್ಚಿ ಹಾಕ್ಕೊಂಡು, ಕಾಲೇಜ್ ಟೀಮಿಗೆ ಗೋಲ್ ಕಾಯೋ ಮಗಳಿಗೆ ಗಂಟಲು ಹರಿಯೋ ಅಂಗೆ ಕೂಗ್ತೀನಿ.

ಅವಳನ್ನ ಆಚೆ ಕೂರಿಸ್ತೀಯಾ?

ಬಂದೇ ಬರ್ತೀವಿ. ಹಟ್ಟಿ ಹುಡುಗೀರಿಗೆಲ್ಲ ಹೇಳಿರು, ಚೆಂಡು ನಾವು ತರ್ತೀವಿ. ಅಷ್ಟರೊಳಗೆ ಆ ಗುಡಿಸಲು ಕಿತ್ತಾಕು. ಎರಡು ಕಂಬ ಮಾತ್ರ ಅಂಗೇ ಬುಡು, ಗೋಲಿಗೆ ಬೇಕು.

ಇನ್ನೂ ನಿನ್ನ ತಂಗಿನೇ ಆಗಿರೋ
ಗಂಗಾಲಕ್ಷ್ಮಿ